ಗಂಜಿ ಬಿದ್ದ ನೆಲ

ಬನಶಂಕರವ್ವ ನಮ್ಮ ಓಣಿಯ ಕೊನೆಯ ಮನೆಯವಳು. ಗಜೇಂದ್ರಗಡದ ಗುಡ್ಡದ ಕೆಳಗೆ ನೇಕಾರರ ಮನೆಗಳು ಮುಗಿಯುವಲ್ಲಿ ಆಕೆಯ ಮನೆ. ಅದರ ಮುಂದೆ ಒಂದು ಬಯಲು. ಬಯಲಿನ ಆಚೆ ಆಕೆಯ ಗೆಳತಿ ಖಾಜಾಬಿಯ ಮನೆ. ಕಣ್ಣು ಹೋದ ಮೇಲೂ ಬನಶಂಕರವ್ವ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತಿದ್ದ ದಾರಿ ಇಡೀ ಊರಿನಲ್ಲಿ ಅದೊಂದೇ ಆಗಿತ್ತು. ಆ ದಾರಿ ಹೇಗೆ ಇಲ್ಲವಾಯಿತೆಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಆಕೆ ಶಿರೋಳದ ಹೆಣ್ಣುಮಗಳು. ತವರಿನವರು ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಒಕ್ಕಲುತನ ಹಿಡಿದಿದ್ದರು. ಹೀಗಾಗಿ ನಮ್ಮೂರ ನೇಕಾರ ವೀರಪ್ಪನ ಹೆಂಡತಿಯಾಗಿ ಬಂದಾಗ ಆಕೆಗೆ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿತ್ತೇ ಹೊರತು ಲಾಳಿ ಹಿಡಿಯಲು ಬರುತ್ತಿರಲಿಲ್ಲ. ಅತ್ತೆ ಸೊಸೆಯನ್ನು ಮಗ್ಗಕ್ಕೆ ಕೂರಿಸದೆ, ಕೈಗೊಂದು ಕುಂಚ ಕೊಟ್ಟು ಬಯಲಿಗೆ ಕಳಿಸಿದಳು.

ಆ ಬಯಲಿಗೆ ಉಂಕಿ ಬಯಲು ಎಂದು ಹೆಸರು. ನೇಯುವ ಮೊದಲು ಸೀರೆಯ ಉದ್ದದ ಎಳೆಗಳನ್ನು ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲು ಬಲಿಯುವುದರೊಳಗೆ ಒಣಗಿಸಬೇಕು. ಹೀಗೆ ಹರವಿದ ಎಳೆಗಳಿಗೇ ಉಂಕಿ ಎನ್ನುತ್ತಾರೆ. ಹಲವು ಸೀರೆಗಳಿಗೆ ಆಗುವಷ್ಟು ನೂಲನ್ನು ಒಮ್ಮೆಗೇ ಹರವುವುದರಿಂದ ಮನೆಯಂಗಳ ಸಾಲುವುದಿಲ್ಲ. ಎಳೆಗಳ ಆ ಕಡೆಗೊಬ್ಬರು ಈ ಕಡೆಗೊಬ್ಬರು ನಿಂತು, ಒಂದೇ ನಡಿಗೆಯಲ್ಲಿ ತೀಡುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ, ಮತ್ತೆ ಮರಳುತ್ತಾರೆ. ವೀರಪ್ಪನ ಮನೆಯಲ್ಲಿ ಹೆಣ್ಣಾಳು ಕಡಿಮೆ. ಖಾಜಾಬಿಯ ಮನೆಯವರು ನೂಲಿಗೆ ಬಣ್ಣ ಹಾಕುವವರು. ಆಕೆಗೆ ಬೆಳಗಿನ ಹೊತ್ತು ಬಿಡುವಿರುತ್ತಿತ್ತು. ಆಕೆ ಉಂಕಿಯ ಆ ಬದಿಗೆ ಬಂದು ನಿಂತಳು. ಇಬ್ಬರಿಗೂ ಆಗಿನ್ನೂ ಹರೆಯ.

ಅಂದಿನಿಂದ ಅವರಿಬ್ಬರ ಗೆಳೆತನವೆಲ್ಲ ನಡೆಯುತ್ತಲೇ ಬೆಳೆಯಿತು. ಮಕ್ಕಳ ಹೆರಿಗೆ, ಅತ್ತೆಯಂದಿರ ಕಾಟ, ಖಾಜಾಬಿಯ ಗಂಡ ತೀರಿಕೊಂಡದ್ದು, ಬನಶಂಕರವ್ವನ ಮಗಳನ್ನು ನರಗುಂದಕ್ಕೆ ಕೊಟ್ಟದ್ದು, ಎಲ್ಲ ಮಾತುಗಳೂ ಆ ಎಳೆಗಳ ಮೇಲಿನಿಂದಲೇ ದಾಟಿಹೋಗಿದ್ದವು. ಶಾಲೆಯ ಅಕ್ಕೋರಾಗಿದ್ದ ನಾನು ಪಾಠಕ್ಕೆ ಹೊರಡುವ ಹೊತ್ತಿಗೆ ಅವರ ಮಾತು ಕಿವಿಗೆ ಬೀಳುತ್ತಿತ್ತು.

"ಏ ಬನವ್ವಾ, ನಿನ್ನ ಕುಂಚ ನಿದ್ದಿ ಹೊಡ್ಯಾಕತ್ತೈತೇನ?" ಎಂದು ಖಾಜಾಬಿ ಕೆಣಕುವಳು.

"ನಿಂದು ಬೆದರಿದ ಕುದುರಿಗತೆ ಓಡ್ತೈತಿ. ಅದಕ್ಕ ನಂದು ನಿಂತಂಗ ಕಾಣ್ತೈತಿ," ಎಂದು ಬನಶಂಕರವ್ವ ತಿರುಗಿ ಹೇಳುವಳು.

ಆ ಬಯಲಿಗೆ ಒಂದು ಕಟ್ಟಳೆಯಿತ್ತು. ಕೆಲಸ ಮುಗಿದೊಡನೆ ಗೂಟ ಕಿತ್ತು, ಕುಣಿ ಮುಚ್ಚಿ, ಕಸ ಗುಡಿಸಿ ಹೋಗಬೇಕು. ಒಂದು ಕಲ್ಲನ್ನೂ ಗುರುತಿಗೆಂದು ಇಡಬಾರದು. ಇಷ್ಟು ಜಾಗ ನಮ್ಮದು ಎಂದು ಬಾಯಿಬಿಟ್ಟು ಹೇಳುವುದಂತೂ ಆಗದ ಮಾತು. ಹಾಗೆ ಅಂದವರ ಉಂಕಿ ನಡುವೆ ಹರಿಯುತ್ತದೆಂದು ನೇಕಾರರು ನಂಬಿದ್ದರು. ಮುಂಜಾವಿನಲ್ಲಿ ಬಣ್ಣಬಣ್ಣದ ಎಳೆಗಳಿಂದ ತುಂಬಿರುತ್ತಿದ್ದ ಬಯಲು ಊಟದ ಹೊತ್ತಿಗೆ ಬರಿದಾಗಿರುತ್ತಿತ್ತು. ಮಧ್ಯಾಹ್ನ ನೋಡಿದವರಿಗೆ ಅಲ್ಲಿ ಏನೊಂದೂ ಕಾಣುತ್ತಿರಲಿಲ್ಲ.

ಆದರೆ ಕಾಲಿಗೆ ತಿಳಿಯುವಂಥದ್ದು ಒಂದಿತ್ತು. ತಲೆಮಾರುಗಳಿಂದ ಒಂದೇ ಸಾಲಿನಲ್ಲಿ ಗಂಜಿ ತೊಟ್ಟಿಕ್ಕಿ, ಅದರ ಮೇಲೆ ಜನ ನಡೆದು ನಡೆದು, ವೀರಪ್ಪನ ಮನೆಯ ಮುಂದಿನಿಂದ ಖಾಜಾಬಿಯ ಬಾಗಿಲಿನವರೆಗೆ ಒಂದು ಪಟ್ಟಿಯಷ್ಟು ನೆಲ ಗಾರೆಯಂತೆ ಗಟ್ಟಿಯಾಗಿತ್ತು, ನುಣುಪಾಗಿತ್ತು. ಅದರ ಎರಡೂ ಬದಿಗೆ ಹರಳು ಬೆರೆತ ಗರಸು ಮಣ್ಣು. ಬಣ್ಣದಲ್ಲಿ ಎರಡಕ್ಕೂ ಭೇದವಿರಲಿಲ್ಲ.

ಬನಶಂಕರವ್ವನ ಕಣ್ಣು ಮಂಜಾಗತೊಡಗಿದಾಗ ಆಕೆ ಮೊದಲು ಯಾರಿಗೂ ಹೇಳಲಿಲ್ಲ. ಹುಬ್ಬಳ್ಳಿಯ ದವಾಖಾನೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ಮರಳಿ ಬಾರದು, ಉಳಿದದ್ದೂ ಮೆಲ್ಲಗೆ ಹೋಗಬಹುದು ಎಂದು ವೈದ್ಯರು ಹೇಳಿ ಕಳಿಸಿದರು. ಆ ಉಳಿದದ್ದೂ ಹೋದ ಮೇಲೆ ಯಾರು ಕೇಳಿದರೂ ಬನಶಂಕರವ್ವ, ಸ್ವಲ್ಪ ಮಬ್ಬು, ಅಷ್ಟೇ ಎನ್ನುತ್ತಿದ್ದಳು. ವೀರಪ್ಪನೂ ಹಾಗೆಯೇ ತಿಳಿದಿದ್ದ. ಮನೆಯಲ್ಲಿ ಕೈಯಾಸರೆಯಿಲ್ಲದೆ ನೀರು ತುಂಬುವ, ರೊಟ್ಟಿ ಬಡಿಯುವ ಹೆಂಡತಿಗೆ ಏನೂ ಕಾಣುವುದಿಲ್ಲವೆಂದು ಆತ ಹೇಗೆ ನಂಬಿಯಾನು?

ಅದು ತಿಳಿದದ್ದು ಖಾಜಾಬಿಗೆ. ತೀಡುವಾಗ ಹರಿದ ಎಳೆ ಕಂಡರೆ ಅಲ್ಲಿಯೇ ನಿಂತು ಗಂಟು ಹಾಕುವುದು ಪದ್ಧತಿ. ಒಂದು ದಿನ ಬನಶಂಕರವ್ವ ತನ್ನ ಬದಿಯಲ್ಲಿ ಜೋತುಬಿದ್ದ ಎಳೆಯನ್ನು ಹಾಗೇ ದಾಟಿ ನಡೆದಳು. ಖಾಜಾಬಿ ಬಾಗಿ, ಈ ಕಡೆಯಿಂದಲೇ ಕೈ ಚಾಚಿ ಗಂಟು ಹಾಕಿದಳು. ಅಂದಿನಿಂದ ಎರಡೂ ಬದಿಯ ಎಳೆಗಳನ್ನು ಆಕೆಯೇ ನೋಡಿಕೊಂಡಳು. ಈ ಸಂಗತಿ ಅವರಿಬ್ಬರಲ್ಲೇ ಉಳಿಯಿತು.

ಮುಂದೆ ಒಂದು ಮಳೆಗಾಲದಲ್ಲಿ ಖಾಜಾಬಿ ಬಣ್ಣದ ಕೊಪ್ಪರಿಗೆಯ ಹತ್ತಿರ ಜಾರಿಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಹಾಸಿಗೆ ಹಿಡಿದವಳು ಏಳಲಿಲ್ಲ. ಜೊತೆಯವಳಿಲ್ಲದೆ ಬನಶಂಕರವ್ವನೂ ಕುಂಚ ಕೆಳಗಿಟ್ಟಳು. ಅದರ ಬದಲು ದಿನವೂ ಊಟ ಮುಗಿಸಿ, ಚಪ್ಪಲಿಯನ್ನು ಹೊಸ್ತಿಲಲ್ಲೇ ಬಿಟ್ಟು, ಬರಿಗಾಲಿನಲ್ಲಿ ಬಯಲು ದಾಟಿ ಗೆಳತಿಯ ಹತ್ತಿರ ಹೋಗತೊಡಗಿದಳು. ಅಂಗಾಲಿನ ಕೆಳಗೆ ನುಣುಪಿದ್ದರೆ ದಾರಿ ಸರಿ. ಗರಸು ಚುಚ್ಚಿದರೆ ದಾರಿ ತಪ್ಪಿತು. ಎಡಗಿವಿಗೆ ಮಗ್ಗಗಳ ಸದ್ದು. ನಡುವೆ ಬೇವಿನ ಮರದ ನೆರಳು ಮೈಮೇಲೆ ಬಿದ್ದು ಜಾರಿದರೆ ಅರ್ಧ ದಾರಿ ಮುಗಿಯಿತು. ಆಮೇಲೆ ಬಣ್ಣದ ಕೊಪ್ಪರಿಗೆಯ ಕಮಟು. ಹೀಗೆ ಆಕೆ ನೇರವಾಗಿ, ತಲೆಯೆತ್ತಿ ನಡೆದುಹೋಗುತ್ತಿದ್ದಳು. ನೋಡಿದವರು ಯಾರೂ ಆಕೆಯನ್ನು ಕುರುಡಿ ಎಂದು ಹೇಳುವಂತಿರಲಿಲ್ಲ; ನನಗೂ ಗೊತ್ತಿರಲಿಲ್ಲ.

ಅಲ್ಲಿ ಹೋಗಿ ಖಾಜಾಬಿಯ ತಲೆ ಬಾಚುವಳು, ಎಣ್ಣೆ ಹಚ್ಚಿ ಕಾಲು ತಿಕ್ಕುವಳು. ಖಾಜಾಬಿ ಮಲಗಿದಲ್ಲಿಂದಲೇ ಕಿಟಕಿಯಾಚೆ ಕಂಡದ್ದನ್ನೆಲ್ಲ ಹೇಳುವಳು.

"ನಮ್ಮಿಬ್ಬರ್ನೂ ಸೇರಿಸಿ ಹೊಲದ್ರ ಒಂದ ಪೂರಾ ಮುದುಕಿ ಆಗ್ತೈತಿ ನೋಡು," ಎಂದು ಖಾಜಾಬಿ ನಗುವಳು. ಒಂದು ದಿನ ಮಾತ್ರ ನಗದೆ ಒಂದು ಮಾತು ಕೇಳಿದಳು. "ಬನವ್ವಾ, ನನ್ನ ಕಡೀ ಹೊತ್ತಿಗೆ ಬಾಯಾಗ ನೀರು ನೀನ ಬಿಡಬೇಕು. ನನ್ನ ಮಗ ಮೈನುದ್ದೀನ ಗಡಿಬಿಡಿ ಮನಷ್ಯಾ. ಮೂಗಿನಾಗ ಬಿಟ್ಟಾನು."

ಬನಶಂಕರವ್ವ, ಬರ್ತೀನಿ ಬಿಡು ಎಂದಳು. ಬರಲಾರೆನೆಂಬ ಅನುಮಾನ ಆಗ ಇಬ್ಬರಿಗೂ ಇರಲಿಲ್ಲ. ಬಯಲು ದಾಟಿದರೆ ಆಯಿತಲ್ಲ.

ಇದಾದ ಮೇಲೆ ಊರಿನ ಅಭಿವೃದ್ಧಿಗೆಂದು ಕೂಡಿದ್ದ ಸಮಿತಿಯೊಂದು ಆ ಬಯಲಿನಲ್ಲಿ ಉದ್ಯಾನ ಮಾಡಿಸಲು ನಿಶ್ಚಯಿಸಿತು. ಅದರ ರೂಪರೇಖೆ ಹಾಕಲು ಬಂದವಳು ವಸುಧಾ. ನರೇಗಲ್ಲಿನ ರಾಘಣ್ಣ ಎಂಬವರ ಮಗಳು. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ನಕಾಶೆ ಬರೆಯುವುದರಲ್ಲಿ ಅವಳ ಕೈ ಆಗಲೇ ಚೆನ್ನಾಗಿತ್ತು. ಮುಂದೆ ಅವಳು ಕಲಿತದ್ದು ಭೂದೃಶ್ಯ ವಿನ್ಯಾಸ. ಅಂದರೆ ಕಟ್ಟಡವನ್ನಲ್ಲ, ಕಟ್ಟಡಗಳ ನಡುವೆ ಉಳಿಯುವ ತೆರವನ್ನು ಜನರಿಗೆ ಒಗ್ಗುವಂತೆ ರೂಪಿಸುವ ವಿದ್ಯೆ. ನಮ್ಮ ಮನೆಯಲ್ಲಿ ಚಹ ಕುಡಿಯುತ್ತ ಅದನ್ನೆಲ್ಲ ನನಗೆ ಬಿಡಿಸಿ ಹೇಳಿದಳು. ಒಂದು ಜಾಗ ದೊಡ್ಡದೋ ಸಣ್ಣದೋ ಎಂಬುದು ಅಳತೆಯಿಂದ ತಿಳಿಯುವುದಿಲ್ಲವಂತೆ. ಅಂಚು ಎಲ್ಲಿದೆ, ನೆರಳು ಎಲ್ಲಿ ಮುಗಿದು ಬಿಸಿಲು ಎಲ್ಲಿ ತೊಡಗುತ್ತದೆ, ಯಾವ ಸದ್ದು ಯಾವ ಕಡೆಯಿಂದ ಬರುತ್ತದೆ ಎಂಬುದರಿಂದ ಮನಸ್ಸು ಜಾಗವನ್ನು ಕಟ್ಟಿಕೊಳ್ಳುತ್ತದಂತೆ. ಎಲ್ಲವೂ ಒಮ್ಮೆಗೇ ಕಂಡುಬಿಟ್ಟರೆ ಜಾಗ ಚಿಕ್ಕದಾಗುತ್ತದೆ. ಅದಕ್ಕೇ ದಾರಿಗೆ ತಿರುವು ಬೇಕು, ನಡುವೆ ದಿಬ್ಬ ಬೇಕು, ತಿರುವಿನಾಚೆ ಹೊಸ ನೋಟ ತೆರೆಯಬೇಕು ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು. ನನಗೂ ಬಹಳ ಸಂತೋಷವಾಯಿತು.

ಅವಳು ಮನಬಂದಂತೆ ಗೆರೆ ಎಳೆದವಳೂ ಅಲ್ಲ. ಬಯಲಿನ ಸುತ್ತಲಿನ ಮನೆಮನೆಗೂ ಹೋಗಿ ಕೇಳಿದಳು. ಉಂಕಿ ಹಾಕುವವರಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದಾಗ, ಈಗ ಆ ಕೆಲಸ ಮಾಡುವ ಮನೆಗಳು ಬೆರಳೆಣಿಕೆಯಷ್ಟು, ಊರಾಚೆ ಲಕ್ಕಲಕಟ್ಟಿಯ ದಾರಿಯ ಪಕ್ಕ ಹಾಕಿಕೊಳ್ಳುತ್ತೇವೆ ಎಂದು ನೇಕಾರರೇ ಹೇಳಿದರು. ವೀರಪ್ಪನ ಕಟ್ಟೆಯ ಮೇಲೆ ಕೂತು ಅವಳು ಕೇಳಿದ್ದು ನನಗೆ ನೆನಪಿದೆ. ನಾನೂ ಜೊತೆಗೆ ಹೋಗಿದ್ದೆ.

"ಕಾಕಾರ, ಈ ಬೈಲಿನಾಗ ನಿಮ್ಮದು ಅಂತ ಏನರ ಉಳಿಸಬೇಕಾಗೇದೇನ್ರಿ? ಇದ್ರ ಈಗ ಹೇಳ್ರಿ."

"ಬೈಲಿನಾಗ ನಮ್ಮದು ಅನ್ನೂದು ಏನಿರ್ತೈತಿ ತಂಗಿ? ಏನೂ ಇಲ್ಲ. ಖಾಲಿ ಜಾಗಾ ಅದು," ಎಂದ ವೀರಪ್ಪ. ಹಾಗೆ ಹೇಳುವುದೇ ಅವನ ಹಿರಿಯರು ಕಲಿಸಿದ ನಡತೆ.

ಬನಶಂಕರವ್ವ ಬಾಗಿಲ ಹಿಂದೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟಿ ಒಂದು ಗಳಿಗೆ ನಿಂತಿತು. ವಸುಧಾ ಒಳಗೆ ಇಣುಕಿ, ಅವ್ವಾರ, ನಿಮಗೇನು ಬೇಕು ಎಂದು ಕೇಳಿದಳು. ಗಂಜಿ ಬಿದ್ದ ನೆಲವನ್ನು ಬಿಡಿ ಎನ್ನಬೇಕಾದರೆ ಬಯಲಿನಲ್ಲಿ ಒಂದು ಪಟ್ಟಿ ತನ್ನದೆಂದು ಹೇಳಬೇಕಿತ್ತು. ಏಕೆ ಎಂದು ಕೇಳಿದರೆ ಕಣ್ಣಿನ ಮಾತನ್ನೂ ಹೇಳಬೇಕಿತ್ತು, ಅದೂ ಗಂಡನ ಎದುರಿಗೆ. ಬನಶಂಕರವ್ವ, ಒಂದೀಟು ನೆರಳಿದ್ರ ಚಲೋ ನೋಡು ಎಂದಳು. ರಾಟಿ ಮತ್ತೆ ತಿರುಗಿತು.

ಅಂದು ಮಧ್ಯಾಹ್ನ ಆಕೆ ಎಂದಿನಂತೆ ಬಯಲು ದಾಟಿದ್ದನ್ನು ವಸುಧಾ ನಮ್ಮ ಮಾಳಿಗೆಯ ಮೇಲಿನಿಂದ ನೋಡಿದಳು. ಎಷ್ಟು ಚಂದ ನಡೀತಾರ್ರಿ ಅಕ್ಕೋರ ಎಂದಳು. ತನ್ನ ಚಿತ್ರದಲ್ಲಿ ಹಾಗೇ ನಡೆಯುವ ಒಬ್ಬ ಹೆಂಗಸನ್ನೂ ಬರೆದಳು.

ಉದ್ಯಾನದ ಕೆಲಸ ನಡೆದಷ್ಟು ದಿನ ಬಯಲಿಗೆ ತಗಡಿನ ಬೇಲಿ ಬಿತ್ತು. ಹೊರಗಿನಿಂದ ಕರಿಮಣ್ಣು ತಂದು ಹರವಿದರು. ದಿಬ್ಬಗಳೆದ್ದವು, ಹುಲ್ಲು ಹಬ್ಬಿತು. ಹಾವಿನಂತೆ ಬಳುಕುವ ದಾರಿಗಳಿಗೆ ನುಣುಪಾದ ಹಾಸುಕಲ್ಲು ಬಂತು. ದಾರಿಯುದ್ದಕ್ಕೂ ಮಲ್ಲಿಗೆಯ ಬೇಲಿ. ನಟ್ಟನಡುವೆ ನೀರಿನ ಕಾರಂಜಿ. ನಿಜ ಹೇಳಬೇಕೆಂದರೆ ಅದು ಸುಂದರವಾಗಿತ್ತು. ಸಂಜೆ ಮಕ್ಕಳು ಮರಿಗಳು ಬಂದು ಕೂಡುತ್ತಿದ್ದರು. ಮಗ್ಗದಿಂದ ಎದ್ದ ಗಂಡಸರು ಬೆನ್ನು ಚಾಚುತ್ತಿದ್ದರು. ಇಂಥ ಜಾಗ ನಮ್ಮೂರಿಗೂ ಬಂತಲ್ಲ ಎಂದು ಜನ ಹೆಮ್ಮೆಪಟ್ಟರು. ಬೇವಿನ ಮರವನ್ನೂ ವಸುಧಾ ಕಡಿಯಲು ಬಿಟ್ಟಿರಲಿಲ್ಲ.

ಬನಶಂಕರವ್ವ ಒಂದೆರಡು ಸಲ ಒಬ್ಬಳೇ ಒಳಗೆ ಕಾಲಿಟ್ಟು ಮರಳಿ ಬಂದಳು. ಹಾಸುಕಲ್ಲು ಎಲ್ಲ ಕಡೆಗೂ ಒಂದೇ ನುಣುಪು. ಮಲ್ಲಿಗೆಯ ವಾಸನೆ ನಾಲ್ಕೂ ದಿಕ್ಕಿಗೆ. ಮಗ್ಗದ ಸದ್ದನ್ನು ಕಾರಂಜಿ ನುಂಗಿಬಿಡುತ್ತಿತ್ತು. ಆಮೇಲೆ ಆಕೆ ವೀರಪ್ಪನ ಬಿಡುವು ನೋಡಿ, ಮೊಣಕಾಲು ನೋಯುತ್ತದೆಂಬ ನೆವ ಹೇಳಿ, ಅವನ ಕೈ ಹಿಡಿದು ಹೋಗತೊಡಗಿದಳು. ವೀರಪ್ಪ ಲಕ್ಕಲಕಟ್ಟಿಯ ದಾರಿಯಿಂದ ಉಂಕಿ ಹೊತ್ತು ದಣಿದು ಬಂದ ದಿನ ಹೋಗುವುದು ತಪ್ಪುತ್ತಿತ್ತು. ಆತ ಬಾ ಹೋಗೂಣು ಎಂದರೂ, ಇರ್ಲಿ, ನಾಳಿಗೆ ಹೋದ್ರಾತು ಎಂದು ತಾನೇ ಸುಮ್ಮನಾಗುತ್ತಿದ್ದಳು. ಖಾಜಾಬಿ ಕಿಟಕಿಯ ಕಡೆ ಮುಖಮಾಡಿ ಕಾಯುತ್ತಿದ್ದಳೆಂದು ಮೈನುದ್ದೀನ ಆಮೇಲೆ ನನಗೆ ಹೇಳಿದ. ಮೊದಲಾದರೆ ಆ ಕಿಟಕಿಯಿಂದ ಗೆಳತಿ ಮನೆ ಬಿಡುವುದು ಕಾಣುತ್ತಿತ್ತು. ಈಗ ದಿಬ್ಬ ಅಡ್ಡವಾಗಿತ್ತು.

ಚಳಿಗಾಲದ ಒಂದು ಮುಂಜಾನೆ. ಅಂದು ಸಂತೆ. ಓಣಿಯ ಹೆಂಗಸರು ಪೇಟೆಗೆ ಹೋಗಿದ್ದರು; ವೀರಪ್ಪ ಉಂಕಿಗೆ ಹೋಗಿದ್ದ. ಮನೆಯಲ್ಲಿದ್ದ ಫೋನು ಸದ್ದು ಮಾಡಿತು. ಬನಶಂಕರವ್ವ ತಡವಿ ಎತ್ತಿಕೊಂಡಳು. ಮೈನುದ್ದೀನನ ದನಿ.

"ಬನವ್ವಾ, ಅವ್ವ ನಿನ್ನ ಕೇಳಾಕತ್ಯಾಳ. ಉಸರು ಹತ್ತೈತಿ. ನಾ ಬಿಟ್ಟು ಬರಾಕಾಗೂದಿಲ್ಲ, ನೀ ಲಗೂ ಬಾ."

ಆಕೆ, ಬಂದೆ ಎಂದಳು. ನನಗೆ ಕಾಣುವುದಿಲ್ಲ ಎಂದು ಆಗಲೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಹೊರಬಿದ್ದಳು.

ಮುಂದಿನದನ್ನು ಆಕೆಯೇ ನನಗೆ ಹೇಳಿದ್ದು. ದಾರಿ ಮೊದಲು ನೇರವಾಗಿಯೇ ಇತ್ತಂತೆ. ಆಮೇಲೆ ಅದು ಬಲಕ್ಕೆ ತಿರುಗಿತು, ಮತ್ತೊಮ್ಮೆ ತಿರುಗಿತು. ಮಲ್ಲಿಗೆಯ ಗಿಡ ಕೈಗೆ ತಾಗಿತು. ಅದನ್ನು ಹಿಡಿದು ಹೋದರೆ ಅದೂ ಸುತ್ತುತ್ತಿತ್ತು. ಕಾರಂಜಿಯ ಸದ್ದು ಒಮ್ಮೆ ಮುಂದೆ, ಒಮ್ಮೆ ಬೆನ್ನಿಗೆ. ಬೇವಿನ ನೆರಳಿಗಾಗಿ ಮುಖವೆತ್ತಿ ನಿಂತಳು, ಆದರೆ ಬಿಸಿಲಿನ್ನೂ ಏರಿರಲಿಲ್ಲ. ಕೊನೆಗೆ ದಾರಿ ಬಿಟ್ಟು ಹುಲ್ಲಿಗಿಳಿದಳು. ಕೆಳಗೆಲ್ಲೋ ಹಳೆಯ ನೆಲ ಇರಲೇಬೇಕೆಂದು ಮಂಡಿಯೂರಿ, ಎರಡೂ ಅಂಗೈಗಳಿಂದ ಹುಲ್ಲನ್ನು ಸವರುತ್ತ ಹೋದಳು. ಕೈಗೆ ಸಿಕ್ಕದ್ದು ತೊಯ್ದ, ಮೆತ್ತನೆಯ ಮಣ್ಣು.

ಉದ್ಯಾನದಲ್ಲಿ ಅಡ್ಡಾಡಲು ಬಂದಿದ್ದ ಯಾರೋ ಒಬ್ಬಾತ, ಏನ ಕಳದೈತಿ ಯವ್ವಾ, ನಾ ಹುಡುಕಿ ಕೊಡ್ಲೇನು ಎಂದು ಕೇಳಿದ.

"ಏನಿಲ್ಲಪಾ. ಸುಮ್ನ ಕುಂತೀನಿ," ಎಂದಳು.

ಆತ ಮುಂದೆ ನಡೆದ. ಆತ ಹೋದ ಮೇಲೆ ಬನಶಂಕರವ್ವ ಖಾಜಾಬೀ ಎಂದು ಕೂಗಿದಳಂತೆ. ಕಾರಂಜಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಲ್ಲಿಯೇ ಕೂತಳು. ಎಷ್ಟು ಹೊತ್ತೋ. ಆಮೇಲೆ ಎಡಗಡೆಯಿಂದ, ತೀರ ಹತ್ತಿರದಿಂದ, ಗಂಡಸೊಬ್ಬ ಅಳುವುದು ಕೇಳಿಸಿತು. ಅದು ಮೈನುದ್ದೀನನ ದನಿ. ಆ ಅಳುವಿನ ಕಡೆಗೆ ಮುಖ ತಿರುಗಿಸಿ, ಗಿಡಗಳ ನಡುವೆ ಸೀರೆ ಹರಿಸಿಕೊಂಡು, ನೇರವಾಗಿ ನಡೆದು ಬನಶಂಕರವ್ವ ಗೆಳತಿಯ ಬಾಗಿಲು ಮುಟ್ಟಿದಳು.

ಉಸಿರು ನಿಲ್ಲುವ ಮುನ್ನ ಮೈನುದ್ದೀನನೇ ತಾಯಿಯ ಬಾಯಿಗೆ ನೀರು ಬಿಟ್ಟಿದ್ದ. ಅದರಲ್ಲಿ ಅರ್ಧ ಗದ್ದದಿಂದ ಇಳಿದು ದಿಂಬನ್ನು ತೋಯಿಸಿತ್ತು. ಬನಶಂಕರವ್ವ ತನ್ನ ಸೆರಗಿನಿಂದ ಆ ಗದ್ದವನ್ನು ಒರೆಸಿದಳು. ಮೂಗಿನ ಕೆಳಗೂ ಬೆರಳಾಡಿಸಿ ನೋಡಿ, ಅಲ್ಲಿಯೂ ಒರೆಸಿದಳು.

ವಿಷಯ ತಿಳಿದು ವೀರಪ್ಪ ಓಡಿ ಬಂದಾಗ ಹೆಂಡತಿಯ ಮಂಡಿ, ಅಂಗೈಗಳೆಲ್ಲ ಮಣ್ಣಾಗಿದ್ದವು. ಯಾಕ ಹಿಂಗ ಎಂದು ಕೇಳಿದ. ಆಗ ಆಕೆ ಎಲ್ಲವನ್ನೂ ಹೇಳಿದಳು. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಮನುಷ್ಯ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ. ನಾಲ್ಕೈದು ದಿನ ಮಗ್ಗಕ್ಕೆ ಇಳಿಯಲಿಲ್ಲ. ನಮ್ಮ ಮನೆಗೆ ಬಂದು ಒಂದೇ ಮಾತನ್ನು ಹೇಳಿ ಹೋದ.

"ಖಾಲಿ ಜಾಗಾ ಅಂತ ಹೇಳಿದಾಂವ ನಾನ ಅಲ್ರಿ ಅಕ್ಕೋರ."

ವಸುಧಾಳಿಗೆ ಸುದ್ದಿ ಮುಟ್ಟಿದಾಗ ಅವಳು ಮರುದಿನವೇ ಬಂದಳು. ಬನಶಂಕರವ್ವನ ಕಾಲ ಬಳಿ ಕೂತಳು.

"ನಾ ಕೇಳಿದ್ದೆ ಅವ್ವಾರ. ಒಂದ ಮಾತು ಹೇಳಿದ್ರ ಸಾಕಿತ್ತು," ಎಂದಳು.

"ಕೇಳಿದ್ದು ಖರೇ ತಂಗಿ. ನಿನ್ನ ಕಡೆ ತಪ್ಪಿಲ್ಲ," ಎಂದು ಬನಶಂಕರವ್ವ ಅವಳ ತಲೆ ಸವರಿದಳು.

ವಸುಧಾ ಕಣ್ಣೊರೆಸಿಕೊಂಡು, ದಿಬ್ಬವನ್ನು ಸೀಳಿ, ಮೇಲಿನ ಮಣ್ಣು ತೆಗೆಸಿ, ಹಳೆಯ ನೆಲ ಇದ್ದಲ್ಲಿಯೇ ಒಂದು ನೇರ ದಾರಿ ಮಾಡಿಸುತ್ತೇನೆ ಎಂದಳು. ಸಮಿತಿಯವರನ್ನು ಒಪ್ಪಿಸುವುದು ತನ್ನ ಹೊಣೆ ಎಂದಳು. ಬನಶಂಕರವ್ವ ಕೇಳಿಸಿಕೊಂಡಳು.

"ಮಾಡವ್ವಾ. ಬ್ಯಾರೆದವರಿಗೆ ಆಗ್ತೈತಿ. ನಾ ಅದರಾಗ ಯಾರ ಮನಿಗೆ ಹೋಗ್ಲಿ?"

ವಸುಧಾ ಆಡಿದ ಮಾತಿಗೆ ತಪ್ಪಲಿಲ್ಲ. ದಿಬ್ಬದ ಕೆಳಗೆ ಅಗೆದಾಗ ಗಂಜಿ ಕುಡಿದ ಆ ನೆಲ ಒಂದೆಡೆಯೂ ಒಡೆಯದೆ ಹಾಗೇ ಸಿಕ್ಕಿತು. ಅದರ ಮೇಲೆ ಕಲ್ಲು ಹಾಸಲು ಅವಳು ಬಿಡಲಿಲ್ಲ. ಈಗ ಆ ದಾರಿ ಈ ಮನೆಯಿಂದ ಆ ಮನೆಗೆ ಗೆರೆ ಎಳೆದಂತೆ ಇದೆ. ಮೈನುದ್ದೀನ ಹೆಂಡತಿ ಮಕ್ಕಳೊಡನೆ ರೋಣಕ್ಕೆ ಹೋಗಿದ್ದಾನೆ. ಖಾಜಾಬಿಯ ಬಾಗಿಲಿಗೆ ಬೀಗ.

ವೀರಪ್ಪ ದಿನವೂ ಬೆಳಗಾಗುವಾಗ, ಲಕ್ಕಲಕಟ್ಟಿಯ ದಾರಿಗೆ ಹೊರಡುವ ಮೊದಲು, ಕಸಬರಿಗೆ ಹಿಡಿದು ಆ ಪಟ್ಟಿಯನ್ನು ಗುಡಿಸುತ್ತಾನೆ. ಯಾರೂ ಅವನಿಗೆ ಹೇಳಿದ್ದಲ್ಲ. ಬನಶಂಕರವ್ವ ಕಟ್ಟೆಯ ಮೇಲೆ ಕೂತು ಕೇಳುತ್ತಿರುತ್ತಾಳೆ. ಕಾರಂಜಿಯನ್ನು ಆ ಹೊತ್ತಿಗೆ ಇನ್ನೂ ಬಿಟ್ಟಿರುವುದಿಲ್ಲ. ಕಸಬರಿಗೆಯ ಸದ್ದು ದೂರ ದೂರ ಹೋಗುತ್ತ ಆಚೆಯ ಬಾಗಿಲ ಹತ್ತಿರ ನಿಲ್ಲುತ್ತದೆ. ಅಲ್ಲಿ ಅದು ನಿಂತದ್ದು ಕಿವಿಗೆ ಬಿದ್ದೊಡನೆ ಆಕೆ ಗೋಡೆ ಹಿಡಿದು ಎದ್ದು ಒಳಗೆ ಹೋಗುತ್ತಾಳೆ.